ಮಗು ಬೇಕು ಅಂದವರಿಗೆ ಮೊದಲು ಪಥ್ಯ ಅಂದೆ

ಮಗು ಬೇಕು ಅಂತ ನನ್ನ ಹತ್ತಿರ ಸಲಹೆ ಕೇಳಲು ಬಂದ ಒಬ್ಬ ಹೆಂಗಸಿನ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಅವರು ಕೇಳಿದ ಪ್ರಶ್ನೆಯನ್ನೇ ಹಿಂದೆಯೂ ಕೇಳಿಸಿಕೊಂಡಿದ್ದೇನೆ.

ವಯಸ್ಸು 27. ಹುಟ್ಟಿದ ಕೆಲವೇ ದಿನಗಳಲ್ಲಿ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಿಂದ ಫೀನೈಲ್‌ಕೀಟೋನ್ಯೂರಿಯಾ, ಅಂದರೆ ಪಿಕೆಯು, ಪತ್ತೆಯಾಗಿತ್ತು. ಇದರಲ್ಲಿ ಲಿವರ್‌ನ ಒಂದೇ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಪ್ರೋಟೀನ್‌ನಲ್ಲಿರುವ ಫೀನೈಲ್‌ಅಲನಿನ್ ಟೈರೋಸಿನ್ ಆಗಿ ಬದಲಾಗದೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಬೆಳೆಯುವ ಮಿದುಳಿಗೆ ಅದು ವಿಷವಿದ್ದಂತೆ. ಚಿಕ್ಕಂದಿನಿಂದ ಪಥ್ಯ, ಅಂದರೆ ಫೀನೈಲ್‌ಅಲನಿನ್ ಕಡಿಮೆ ಇರುವ ಊಟ, ಮಾಡಿದ್ದಕ್ಕೆ ಇವರು ಚೆನ್ನಾಗಿ ಓದಿದರು, ಕೆಲಸಕ್ಕೆ ಸೇರಿದರು. ಹದಿಹರೆಯದಲ್ಲಿ ಪಥ್ಯ ಬಿಟ್ಟಿದ್ದರು.

ಎರಡನೇ ಭೇಟಿಯಲ್ಲಿ ಖುಷಿಯಿಂದ ಹೇಳಿದರು: "ಮೇಡಂ, ನಮ್ಮವರ ಟೆಸ್ಟ್ ಆಯ್ತು. ಅವರಲ್ಲಿ ಆ ಜೀನ್ ಇಲ್ಲ. ಮಗುವಿಗೆ ಪಿಕೆಯು ಬರಲ್ಲ. ಮತ್ತೆ ನನಗ್ಯಾಕೆ ಪಥ್ಯ?"

ಅವರ ಲೆಕ್ಕ ತಪ್ಪಿರಲಿಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಅದಕ್ಕೇ ಉತ್ತರ ಹೇಳೋದು ಕಷ್ಟವಾಯಿತು.

"ಮಗು ಬೆಳೆಯೋದು ನಿಮ್ಮ ರಕ್ತ ಕೊಡುವುದರಿಂದಲೇ ಅಲ್ವಾ?" ಅಂದೆ. "ಮಾಸು ಫೀನೈಲ್‌ಅಲನಿನ್ ಅನ್ನು ತಡೆಯೋದಿಲ್ಲ. ನಿಮ್ಮ ರಕ್ತದಲ್ಲಿ ಇರೋದಕ್ಕಿಂತ ಜಾಸ್ತಿಯೇ ಆ ಕಡೆ ಸೇರಿಸುತ್ತೆ."

"ಮಗುವಿನ ಕಿಣ್ವ ಚೆನ್ನಾಗಿರುತ್ತಲ್ಲ?"

"ಅದು ಇನ್ನೂ ಎಳೆಯದು. ನಿಮ್ಮಿಂದ ಬರೋದನ್ನೆಲ್ಲ ಅದೊಂದೇ ನಿಭಾಯಿಸಲಾರದು."

ಮಗುವಿನ ತಲೆ ಚಿಕ್ಕದಾಗಬಹುದು, ಹೃದಯದಲ್ಲಿ ದೋಷ ಉಳಿಯಬಹುದು, ಬುದ್ಧಿ ಬೆಳವಣಿಗೆ ಕುಂಠಿತವಾಗಬಹುದು. ಇದನ್ನೂ ಮುಚ್ಚಿಡಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು ಅವರು ಅಂದರು: "ಪಥ್ಯ ಸಾಕು ಅಂದಿದ್ದು ಡಾಕ್ಟರೇ."

ಅವರ ಸಿಟ್ಟು ನ್ಯಾಯವಾದದ್ದೇ. ಈ ರಕ್ತ ತಪಾಸಣೆ ಶುರುವಾಗಿದ್ದು 1960ರ ದಶಕದಲ್ಲಿ. ಮಿದುಳು ಬೆಳೆದ ಮೇಲೆ ಪಥ್ಯ ಬೇಡ ಅಂತಲೇ ಆಗ ಎಷ್ಟೋ ಕಡೆ ನಂಬಿದ್ದರು. ಹಾಗೆ ಪಥ್ಯ ಬಿಟ್ಟ ಹುಡುಗಿಯರು ತಾಯಂದಿರಾದಾಗ ಮಕ್ಕಳಲ್ಲಿ ತೊಂದರೆ ಕಂಡಿತು. ಈಗ ಜೀವನಪೂರ್ತಿ ಪಥ್ಯ ಅನ್ನುತ್ತಾರೆ. ಹಳೆಯ ಮಾತು ಮಾತ್ರ ಇನ್ನೂ ಕೆಲವರ ಮನೆಗಳಲ್ಲಿ ಉಳಿದಿದೆ.

ನಾನು ಕೊಟ್ಟ ಸಲಹೆ ಇದು. ಸದ್ಯಕ್ಕೆ ಗರ್ಭ ಧರಿಸಬೇಡಿ. ಪಿಕೆಯು ನೋಡುವ ವೈದ್ಯರು ಮತ್ತು ಆಹಾರ ತಜ್ಞರ ಹತ್ತಿರ ಹೋಗಿ ಪಥ್ಯ ಮತ್ತೆ ಶುರು ಮಾಡಿ. ರಕ್ತದಲ್ಲಿ ಫೀನೈಲ್‌ಅಲನಿನ್ ಮಟ್ಟ ಲೀಟರ್‌ಗೆ 120ರಿಂದ 360 ಮೈಕ್ರೋಮೋಲ್ ಒಳಗೆ ಕನಿಷ್ಠ 3 ತಿಂಗಳು ನಿಲ್ಲಲಿ. ಹೆರಿಗೆಯಾಗುವ ತನಕ ಅಲ್ಲೇ ಇರಲಿ.

ಅವರ ಗಂಡ ಬೇಸರದಿಂದ ಕೇಳಿದರು: "ಧೈರ್ಯ ಹೇಳೋದು ಬಿಟ್ಟು ಹೆದರಿಸ್ತೀರಲ್ಲ ಮೇಡಂ? ಗರ್ಭ ನಿಂತ ಮೇಲೆ ಪಥ್ಯ ಮಾಡಿದ್ರೆ ಆಗಲ್ವಾ?"

ಮಗುವಿನ ಹೃದಯ ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಎಷ್ಟೋ ಹೆಂಗಸರಿಗೆ ತಾವು ಗರ್ಭಿಣಿ ಅಂತ ಖಚಿತವಾಗುವಷ್ಟರಲ್ಲಿ ಅದರಲ್ಲಿ ಅರ್ಧ ಮುಗಿದಿರುತ್ತದೆ. ಇದು ಗೊತ್ತಿದ್ದೂ ನಾನು ಬರೀ ಧೈರ್ಯ ಹೇಳಿ ಕಳಿಸಿದ್ದರೆ ಅದು ಮೋಸವಾಗುತ್ತಿತ್ತು. ಓದುವವರಲ್ಲಿ ಪಿಕೆಯು ಇರುವ ಯಾರಾದರೂ ಈಗಾಗಲೇ ಗರ್ಭಿಣಿಯಾಗಿದ್ದರೆ, ತಡವಾಯಿತು ಅಂತ ಕೂರಬೇಡಿ. ಇವತ್ತೇ ವೈದ್ಯರನ್ನು ಕಾಣಿ. ಮಟ್ಟ ಎಷ್ಟು ಬೇಗ ಇಳಿದರೆ ಅಷ್ಟು ಒಳ್ಳೆಯದು.

ಮೊನ್ನೆ ಅವರ ಫೋನ್ ಬಂತು. 900 ದಾಟಿದ್ದ ಮಟ್ಟ 410ಕ್ಕೆ ಬಂದಿದೆಯಂತೆ. ಊಟ ತೂಕ ಮಾಡಿ ಬರೆದಿಡುವುದು ಈಗ ಗಂಡನ ಕೆಲಸ.