ಮೂರನೇ ಪುಟದ ಅಜ್ಜ

ನಮಸ್ಕಾರ. ಕಾಸರಗೋಡಿನ ಮಂಜೇಶ್ವರದ ಶಾಸಕರಾಗಿದ್ದ ಕಳ್ಳಿಗೆ ಮಹಾಬಲ ಭಂಡಾರಿಯವರ ರಾಜಕೀಯ ಜೀವನದ ಬಗ್ಗೆ ನೀವು ಕಳಿಸಿದ ಒಂಬತ್ತು ಪುಟಗಳನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಸುಮ್ನೆ ‘ಜಾಗವಿಲ್ಲ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಮೂರನೇ ಪುಟದಲ್ಲಿ ನಿಮ್ಮ ಅಜ್ಜ ಬಂದುಬಿಟ್ಟರು. ಅದಕ್ಕೇ ಈ ಪತ್ರ.

ಮೊದಲು ಒಂದು ತಪ್ಪು. ‘1960ರಿಂದ ಸತತ ಹತ್ತು ವರ್ಷ ಮಂಜೇಶ್ವರದ ಶಾಸಕರು’ ಎಂದಿದ್ದೀರಿ. 1964ರ ಸೆಪ್ಟೆಂಬರಿನಲ್ಲೇ ಕೇರಳ ವಿಧಾನಸಭೆ ವಿಸರ್ಜನೆಯಾಯಿತು. 1965ರಲ್ಲಿ ಚುನಾವಣೆ ನಡೆದರೂ ಯಾರಿಗೂ ಬಹುಮತ ಬರಲಿಲ್ಲ. ಆ ಸಭೆ ಒಂದು ದಿನವೂ ಸೇರಲಿಲ್ಲ. 1967ರ ಮಾರ್ಚ್‌ವರೆಗೆ ಕೂರಲು ಸಭೆಯೇ ಇರಲಿಲ್ಲ. ಯಾರಾದರೂ ನಿವೃತ್ತ ಮಾಸ್ತರರು ಪತ್ರ ಬರೆದು ಹೇಳುವ ಮೊದಲು ನಾನೇ ಹೇಳಿಬಿಟ್ಟೆ.

‘ಗಡಿನಾಡ ಸಿಂಹ’ ಹನ್ನೊಂದು ಸಲ ಬರುತ್ತದೆ. ಎಣಿಸಿದೆ. ಸಿಂಹ ಸಿಕ್ಕಿತು, ಶಾಸಕ ಸಿಗಲಿಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳದ ಪಾಲಾಯಿತು. ನಮ್ಮನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಿ ಎಂದು ಕೇಳುವುದಕ್ಕೇ ಜನ ಭಂಡಾರಿಯವರನ್ನು ಕೇರಳ ವಿಧಾನಸಭೆಗೆ ಕಳಿಸಿದರು. ಅಂದರೆ ‘ನಾನು ಇಲ್ಲಿ ಇರಬೇಕಾದವನೇ ಅಲ್ಲ’ ಎನ್ನಲು ಅದೇ ಸಭೆಗೆ ಹೋಗಿ ಕೂತ ಮನುಷ್ಯ! ಅಲ್ಲಿ ರಸ್ತೆ, ಸೇತುವೆ ಕೇಳಿದರೇ? ಕೇಳಿದರೆ ಕೇರಳವನ್ನು ಒಪ್ಪಿಕೊಂಡ ಹಾಗೆ ಆಗುವುದಿಲ್ವಾ? ಯಾವ ಭಾಷೆಯಲ್ಲಿ ಮಾತಾಡಿದರು? ಅಷ್ಟು ದೂರ ಹೇಗೆ ಹೋಗಿ ಬಂದರು? ಆಗ ತಿರುವನಂತಪುರಕ್ಕೆ ರೈಲಿನಲ್ಲಿ ಹೋಗಲು ಎರ್ನಾಕುಳಂನಲ್ಲಿ ಇಳಿದು ಮೀಟರ್‌ಗೇಜ್ ಗಾಡಿ ಹತ್ತಬೇಕಿತ್ತು. ವಿಧಾನಸಭೆಯ ಕಲಾಪದ ದಾಖಲೆಗಳಿಂದ ಅವರು ಕೇಳಿದ ನಾಲ್ಕು ಪ್ರಶ್ನೆ ಹುಡುಕಿ ತನ್ನಿ. ಸಿಂಹಗಳನ್ನು ಕಾಡಿಗೆ ಬಿಡಿ.

ಅವರಿಗಿಂತ ಮೊದಲು ಮಂಜೇಶ್ವರದ ಶಾಸಕರಾಗಿದ್ದ ಎಂ. ಉಮೇಶ ರಾವ್ ಅವರಿಗೆ ಅರ್ಧ ಸಾಲು ಕೊಟ್ಟಿದ್ದೀರಿ. 1957ರಲ್ಲಿ ಇಡೀ ಕೇರಳದಲ್ಲಿ ಅವಿರೋಧವಾಗಿ ಗೆದ್ದವರು ಅವರೊಬ್ಬರೇ. ಒಂದು ಪ್ಯಾರಾ ಆದರೂ ಬೇಡವೇ? ಎ.ಕೆ.ಎಂ. ಅಶ್ರಫ್ 2021ರಲ್ಲಿ ಮಂಜೇಶ್ವರದ ಶಾಸಕರಾಗಿ ಕನ್ನಡದಲ್ಲಿ ಪ್ರಮಾಣ ವಚನ ಸ್ವೀಕರಿಸಿದ್ದು ಬೇರೆಯೇ ಲೇಖನ. ಇಲ್ಲಿಂದ ತೆಗೆಯಿರಿ.

ಈಗ ಅಜ್ಜ. 1967ರಲ್ಲಿ ಗಡಿ ವಿವಾದ ಬಗೆಹರಿಸಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದಿತು. ಮೂರೇ ವರ್ಷದಲ್ಲಿ ಮಂಜೇಶ್ವರ ಕಮ್ಯುನಿಸ್ಟ್ ಪಕ್ಷದ (ಸಿಪಿಐ) ಎಂ. ರಾಮಪ್ಪ ಅವರನ್ನು ಗೆಲ್ಲಿಸಿತು. ಇದಕ್ಕೆ ನೀವು ಬರೆದದ್ದು ‘ಕಾಲಚಕ್ರ ಉರುಳಿತು’ ಅಂತ. ಚಕ್ರ ಅಲ್ಲ ಮಾರಾಯ್ರೆ, ಗದ್ದೆ! ನಿಮ್ಮ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಕೆಂದಾಗ ಗದ್ದೆ ಬಿಡಿಸಬಹುದಾದ ಗೇಣಿದಾರ. ಎರಡು ಸಲ ಭಂಡಾರಿಯವರಿಗೆ ಓಟು ಹಾಕಿದವರು. ‘ಗದ್ದೆ ನಮ್ಮದಾಯಿತು, ಓಟು ಆಚೆ ಹೋಯಿತು’ ಎಂದು ಅವರೇ ಹೇಳಿದ್ದನ್ನು ನೀವೇ ಬರೆದಿದ್ದೀರಿ. ಬರೆದು ಮರೆತಿದ್ದೀರಿ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು. ಆಗಿನ ಮುಖ್ಯಮಂತ್ರಿ ಸಿ. ಅಚ್ಯುತ ಮೇನನ್ ಕೂಡ ಸಿಪಿಐಯವರೇ. ಅದೇ ವರ್ಷ ಚುನಾವಣೆ. ಗದ್ದೆ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಆ ಓಟು ಹಾಕುವಾಗ ಅಜ್ಜನಿಗೆ ಕನ್ನಡ ಬೇಡವಾಗಿತ್ತೇ, ಇಲ್ಲ ಎರಡೂ ಬೇಕಿತ್ತೇ? ನಿಮ್ಮ ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಅಜ್ಜ ಈಗಲೂ ಗಟ್ಟಿ ಇದ್ದಾರೆ ಎಂದಿದ್ದೀರಿ. ಈ ಭಾನುವಾರವೇ ಹೋಗಿ ಕೂತು ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತುಳುವಿನಲ್ಲಿ ಹೇಳಿದರೆ ಮೊದಲು ತುಳುವಿನಲ್ಲೇ ಬರೆದುಕೊಳ್ಳಿ. ಐದು ಪುಟ ಸಾಕು.