ಕಂಬ ಕೊಳೆಯುವುದು ನೀರಿನಿಂದಲ್ಲ

ಪತ್ರ: ಆಮ್‌ಸ್ಟರ್‌ಡ್ಯಾಮಿನ ಕಾಲುವೆಯಂಚಿನ ಹಳೆಯ ಮನೆಗಳು ನಿಂತಿರುವುದು ಮರದ ಕಂಬಗಳ ಮೇಲಂತೆ. ನೂರಾರು ವರ್ಷ ನೀರಲ್ಲಿದ್ದೂ ಅವು ಕೊಳೆಯಲಿಲ್ಲವೇಕೆ? ಮನೆಗಳು ಹಾಗೆ ವಾಲಿರುವುದು ಅಪಾಯವಲ್ಲವೆ? — ಓದುಗರು, ಶಿರಸಿ

ಸಂಪಾದಕರ ಉತ್ತರ: ತೋಟದ ಹಳೆಯ ಬೇಲಿಗೂಟವೊಂದನ್ನು ಕಿತ್ತು ನೋಡಿ. ಹೆಚ್ಚು ಕೊಳೆತಿರುವುದು ನೆಲಮಟ್ಟದ ಗೇಣುದ್ದ. ಮರ ತಿನ್ನುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಪೂರ್ತಿ ಮುಳುಗಿದ ಮರಕ್ಕೆ ಅದು ಬಾಯಿ ಹಾಕಲಾರದು.

ಆ ಊರಿನ ನೆಲ ಜವುಗು. ಗಟ್ಟಿ ಮರಳು ಸಿಗಬೇಕಾದರೆ ಸುಮಾರು 12 ಮೀಟರ್ ಇಳಿಯಬೇಕು. ಪೈನ್, ಸ್ಪ್ರೂಸ್ ದಿಮ್ಮಿಗಳ ಸಣ್ಣ ತುದಿ ಕೆಳಗೆ ಮಾಡಿ ಅಲ್ಲಿಯವರೆಗೆ ಬಡಿಯುತ್ತಿದ್ದರು. ಹತ್ತಾರು ಆಳುಗಳು ಹಗ್ಗ ಜಗ್ಗಿ ಭಾರವಾದ ಬಡಿಗಟ್ಟಿಯನ್ನು ಎತ್ತಿ ಬಿಡುವ ಕೆಲಸ. ಲಯ ತಪ್ಪದಿರಲು ಹಾಡು ಬೇರೆ. ಆಮೇಲೆ ಕಂಬಗಳ ತಲೆಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಸಮನಾಗಿ ಕೊಯ್ದು, ತೊಲೆ, ಹಲಗೆ ಹಾಸಿ, ಇಟ್ಟಿಗೆ ಗೋಡೆ ಎಬ್ಬಿಸುತ್ತಿದ್ದರು. 1648ರಲ್ಲಿ ಶುರುವಾದ ಪುರಭವನಕ್ಕೆ (ಈಗಿನ ಅರಮನೆ) ಹೊಡೆದ ಕಂಬಗಳು 13,659!

ಹಾಗಾಗಿ ಅಲ್ಲಿನ ಭಯ ನೀರು ಇಳಿಯುವುದರದು. ಮಳೆಯಿಲ್ಲದ ಬೇಸಿಗೆ, ಅಂತರ್ಜಲವನ್ನು ಒಳಗೆಳೆದುಕೊಳ್ಳುವ ಒಡಕು ಚರಂಡಿ ಕೊಳವೆ, ಪಕ್ಕದವರು ನೆಲಮಾಳಿಗೆ ತೋಡಲು ಹಚ್ಚಿದ ಪಂಪು, ಯಾವುದೇ ಆಗಲಿ, ಕಂಬದ ತಲೆಗೆ ಗಾಳಿ ತಾಗಿದರೆ ಕೊಳೆ ಹತ್ತಿತೆಂದೇ ಲೆಕ್ಕ. ಗಾಳಿಯಿಲ್ಲದೆಯೂ ಬದುಕುವ ಬ್ಯಾಕ್ಟೀರಿಯಾ ಪೈನ್ ಮರದ ಹೊರಪದರವನ್ನು ನಿಧಾನಕ್ಕೆ ಮೆದುಮಾಡುವುದೂ ಉಂಟು. ಊರೊಳಗಿನ ಕಾಲುವೆಗಳ ಮಟ್ಟವನ್ನು ಸಮುದ್ರಮಟ್ಟದ ಅಳತೆಗಿಂತ 40 ಸೆಂಟಿಮೀಟರ್ ಕೆಳಗೆ ಕಾಯ್ದುಕೊಂಡು ಬರುತ್ತಾರೆ.

ವಾಲಿಕೆಯಲ್ಲಿ ಎರಡು ಬಗೆ. ಮುಂದಕ್ಕೆ ಬಾಗಿದ್ದು ಬಹುಪಾಲು ಬೇಕೆಂದೇ ಕಟ್ಟಿದ್ದು. ಏಣಿಯಂಥ ಕಿರಿದಾದ ಮೆಟ್ಟಿಲಲ್ಲಿ ಬೀರು ಹತ್ತದು. ಮಾಡಿನ ತುದಿಯಿಂದ ಚಾಚಿದ ತೊಲೆಯ ಕೊಕ್ಕೆಗೆ ರಾಟೆ ಕಟ್ಟಿ ಸಾಮಾನು ಎಳೆದರೆ ಅದು ಗೋಡೆಗೆ ಉಜ್ಜಬಾರದಲ್ಲ! ಪಕ್ಕಕ್ಕೆ ವಾಲಿದ್ದರೆ ಮಾತ್ರ ಅನುಮಾನಿಸಿ: ಕಿಟಕಿ ಚೌಕಟ್ಟುಗಳು ಓರೆಯಾಗಿದ್ದರೆ ಅಡಿಪಾಯ ಒಂದು ಕಡೆ ಕುಸಿದಿದೆ. ರಿಪೇರಿ ದುಬಾರಿ. ಒಳಗಿನ ನೆಲ ಅಗೆದು, ಉಕ್ಕಿನ ಕೊಳವೆಗಳನ್ನು ತುಂಡು ತುಂಡಾಗಿ ಬೆಸೆಯುತ್ತ ಇಳಿಸಿ, ಗೋಡೆಯಲ್ಲಿ ಗೂಡು ಕೊರೆದು ಕಾಂಕ್ರೀಟ್ ಹಾಸನ್ನು ಸಿಕ್ಕಿಸಬೇಕು.

ಮನೆಗಳಿಗಿಂತ ದೊಡ್ಡ ತಲೆನೋವು ದಡದ ಗೋಡೆಗಳದ್ದು. ಅವೂ ಮರದ ಕಂಬಗಳ ಮೇಲೇ ನಿಂತವು, ಕಟ್ಟಿದ್ದು ಕುದುರೆಗಾಡಿಯ ಕಾಲಕ್ಕೆ. 2020ರ ಸೆಪ್ಟೆಂಬರಿನಲ್ಲಿ ಗ್ರಿಮ್‌ಬುರ್ಗ್‌ವಾಲ್ ಕಾಲುವೆಯ ದಡ ನೀರಿಗೆ ಕುಸಿಯಿತು. ಇಂಥ ದಡಗೋಡೆ ಊರಲ್ಲಿ ಸುಮಾರು 200 ಕಿಲೋಮೀಟರ್ ಇದೆ.