ಎರಡನೇ ಸಲ ಬನ್ನಿ: ಹಳ್ಳಿ ಮಕ್ಕಳ ಮನಸ್ಸಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಹದಿಹರೆಯದ ಮಕ್ಕಳ ಮನಸ್ಸಿನ ಕಾಯಿಲೆ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹಳ್ಳಿಗಳಿಂದಲೇ ಬಂದಿವೆ. ಐದನ್ನು ಇಲ್ಲಿ ತೆಗೆದುಕೊಂಡಿದ್ದೇನೆ, ಯಾರ ಹೆಸರೂ ಹಾಕಿಲ್ಲ, ಜಿಲ್ಲೆ ಮಾತ್ರ ಹಾಕಿದ್ದೇನೆ. ನಾನು ಡಾಕ್ಟರ್ ಅಲ್ಲ, ಮನೋರೋಗ ವಿಭಾಗದ ನರ್ಸ್. ಯಾವ ಮಾತ್ರೆ, ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ. ಎಲ್ಲಿಗೆ ಹೋಗಬೇಕು, ಅಲ್ಲಿ ಏನಾಗುತ್ತದೆ, ಮನೆಗೆ ಬಂದ ಮೇಲೆ ಏನು ಮಾಡಬೇಕು ಅನ್ನುವುದನ್ನು ಹೇಳುತ್ತೇನೆ.

ಪ್ರಶ್ನೆ: ಸಿಸ್ಟರ್, ನನ್ನ ಮಗಳಿಗೆ 16 ವರ್ಷ, ಮೊದಲ ಪಿಯುಸಿ. ಮೂರು ತಿಂಗಳಿಂದ ಸಪ್ಪಗಿದ್ದಾಳೆ. ಊಟ ಸೇರಲ್ಲ, ರಾತ್ರಿ ಎದ್ದು ಕೂತಿರ್ತಾಳೆ. ಬಸ್ಸು ಹತ್ತಲ್ಲ ಅಂತಾಳೆ, ಯಾಕೆ ಅಂದ್ರೆ ಅಳು. ನಮ್ಮತ್ತೆ ಗಾಳಿ ಸೋಕಿದೆ ಅಂದ್ರು, ಶಾಸ್ತ್ರ ಕೇಳಿಸಿ ತಾಯತ ಕಟ್ಟಿಸಿದ್ವಿ. ಮನಸ್ಸಿನ ಡಾಕ್ಟರ್ ಹತ್ರ ಹೋದ್ರೆ ಕರೆಂಟ್ ಕೊಡ್ತಾರೆ, ಊರಿಗೆ ಗೊತ್ತಾದ್ರೆ ಮದುವೆ ಆಗಲ್ಲ ಅಂತ ಅವಳ ಅಪ್ಪ ಹೆದರ್ತಾರೆ. ಏನು ಮಾಡಲಿ?
(ಚಿತ್ರದುರ್ಗ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಒಂದು ಮಾತನ್ನು ನಾನು ಮತ್ತೆ ಮತ್ತೆ ಓದಿದೆ. ಕಾಲೇಜು ಬೇಡ ಅಂತ ಅವಳು ಹೇಳಿಲ್ಲ. ಬಸ್ಸು ಹತ್ತಲ್ಲ ಅಂದಿದ್ದಾಳೆ. ಇವೆರಡೂ ಒಂದೇ ಅಲ್ಲ. ಬಸ್ಸಿನಲ್ಲಿ ಯಾರಾದರೂ ಕಾಟ ಕೊಡುತ್ತಿರಬಹುದು, ಅಥವಾ ಜನ ತುಂಬಿದ ಬಸ್ಸಿನಲ್ಲಿ ಎದೆ ಡವಡವ ಅಂತ ಬಡಿದುಕೊಂಡು ಉಸಿರು ಕಟ್ಟಿದ ಹಾಗೆ ಆಗುತ್ತಿರಬಹುದು, ಅಥವಾ ಕಾಲೇಜಿನಲ್ಲೇ ಏನೋ ಆಗಿ ಅದನ್ನು ಬಸ್ಸಿನ ಮೇಲೆ ಹಾಕುತ್ತಿರಬಹುದು. ಪತ್ರ ಓದಿ ನಾನು ಊಹೆ ಮಾಡುವುದು ಸರಿಯಲ್ಲ. ಆದರೆ ಆಸ್ಪತ್ರೆಗೆ ಬಂದಾಗ ಈ ಮಾತನ್ನು ಹೀಗೇ ಹೇಳಿ. "ಓದು ಬೇಡ ಅಂತಾಳೆ" ಅಂತ ತಿದ್ದಿ ಹೇಳಬೇಡಿ.

ಊಟ, ನಿದ್ದೆ, ಓದು, ಜನರ ಜೊತೆ ಬೆರೆಯುವುದು. ಈ ನಾಲ್ಕನ್ನು ನಾವು ಮೊದಲು ಕೇಳುತ್ತೇವೆ. ಎರಡು ವಾರಕ್ಕಿಂತ ಜಾಸ್ತಿ ಕೆಟ್ಟಿದ್ದರೆ ತಾನಾಗೇ ಸರಿ ಹೋಗುತ್ತದೆ ಅಂತ ಬಿಡುವ ಹಾಗಿಲ್ಲ. ನಿಮ್ಮದು ಮೂರು ತಿಂಗಳಾಯಿತು. ಇದು ಹಟ ಅಲ್ಲ, ಸೋಮಾರಿತನ ಅಲ್ಲ. 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನ ನೂರು ಮಕ್ಕಳಲ್ಲಿ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮನಸ್ಸಿನ ತೊಂದರೆ ಕಂಡಿತ್ತು. ಅಂದರೆ ಸುಮಾರು 14 ಮಕ್ಕಳಲ್ಲಿ ಒಬ್ಬರು. ನಿಮ್ಮ ಮಗಳ ಕ್ಲಾಸಿನಲ್ಲೇ ಇನ್ನೂ ಮೂರ್ನಾಲ್ಕು ಮಕ್ಕಳು ಇರಬಹುದು, ಅವರ ಮನೆಯವರೂ ನಿಮ್ಮ ಹಾಗೇ ಬಾಯಿ ಮುಚ್ಚಿಕೊಂಡಿರಬಹುದು.

ತಾಯತ ಬಿಚ್ಚಿ ಅಂತ ನಾನು ಹೇಳುವುದಿಲ್ಲ. ಕಟ್ಟಿಕೊಂಡೇ ಬರಲಿ. ದೇವರಿಗೆ ಹರಕೆ ಹೊತ್ತ ಕೈಯಲ್ಲೇ ಆಸ್ಪತ್ರೆ ಚೀಟಿ ಹಿಡಿದು ಬಂದವರನ್ನು ದಿನಾ ನೋಡುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೂರಿಸುವುದು ಅಂತ ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ.

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಈ ವಯಸ್ಸಿನ ಹುಡುಗಿಯರಲ್ಲಿ ರಕ್ತ ಕಮ್ಮಿ ಇದ್ದರೂ, ಥೈರಾಯ್ಡ್ ಏರುಪೇರಾದರೂ ಸುಸ್ತು, ಮಂಕು ಬರುತ್ತದೆ. ಆ ಎರಡು ಪರೀಕ್ಷೆ ಆಗಲಿ. ಆಮೇಲೆ ತಾಲೂಕು ಆಸ್ಪತ್ರೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಅಲ್ಲಿಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲೂಕಿನಲ್ಲಿ ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಖಚಿತ ಮಾಡಿಕೊಂಡು ಹೊರಡಿ, ಸುಮ್ನೆ ಒಂದು ದಿನದ ಕೂಲಿ ಹೋಗುವುದು ಬೇಡ.

ಅಲ್ಲಿ ಏನಾಗುತ್ತದೆ? ತೂಕ, ಬಿಪಿ ನೋಡುತ್ತಾರೆ. ನಿಮ್ಮ ಹತ್ತಿರ ಮಾತಾಡುತ್ತಾರೆ. ಆಮೇಲೆ ನಿಮ್ಮನ್ನು ಹೊರಗೆ ಕೂರಲು ಹೇಳಬಹುದು. ದಯವಿಟ್ಟು ಬೇಜಾರು ಮಾಡಿಕೊಳ್ಳದೆ ಹೊರಗೆ ಕೂರಿ. ಒಮ್ಮೆ ಒಬ್ಬ ಹುಡುಗಿ ನನ್ನ ಮುಂದೆ ಕೂತು ಇಪ್ಪತ್ತು ನಿಮಿಷ ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ಬೆರಳ ತುದಿ ಬೆಳ್ಳಗಾಗುವಷ್ಟು ಬಿಗಿಯಾಗಿ. ನಾನೂ ಏನೂ ಕೇಳದೆ ಕೂತೆ. ಕೊನೆಗೆ ಅವಳಾಡಿದ ಮೊದಲ ಮಾತು, "ಅಮ್ಮಂಗೆ ಹೇಳ್ತೀರಾ?" ಅವತ್ತು ಅವಳು ಮತ್ತೇನೂ ಹೇಳಲಿಲ್ಲ. ಮುಂದಿನ ವಾರ ಬಂದಾಗ ಎಲ್ಲ ಹೇಳಿದಳು. ಮುಂದಿನ ವಾರ ಅವಳ ಅಮ್ಮ ಕರೆದುಕೊಂಡು ಬಂದಿದ್ದರಿಂದ ಹೇಳಿದಳು.

ಅಪ್ಪನಿಗೆ ಎರಡು ಮಾತು ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿಷಯವನ್ನು ಗುಟ್ಟಾಗಿ ಇಡುವುದು ಆಸ್ಪತ್ರೆಯವರ ಜವಾಬ್ದಾರಿ, ಊರಿಗೆ ಡಂಗುರ ಹೊಡೆಯುವಂತಿಲ್ಲ. ಇನ್ನು ಕರೆಂಟ್ ಅಂತಾರಲ್ಲ, 18 ತುಂಬದ ಮಕ್ಕಳಿಗೆ ಆ ಚಿಕಿತ್ಸೆ ಕೊಡಬೇಕಾದರೆ ಹೆತ್ತವರ ಒಪ್ಪಿಗೆ ಬೇಕು, ಜೊತೆಗೆ ಆ ಕಾಯ್ದೆಯಡಿ ಇರುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯಿಂದ ಮೊದಲೇ ಅನುಮತಿ ಪಡೆಯಬೇಕು. ಸಪ್ಪಗಿರುವ ಹುಡುಗಿಯನ್ನು ಕರೆತಂದ ಕೂಡಲೇ ಯಾರೂ ಅದನ್ನು ಮಾಡುವುದಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ 20 ವರ್ಷ. ಯಾರೋ ಕಿವಿಯಲ್ಲಿ ಬೈತಾರೆ ಅಂತ ಒಬ್ಬನೇ ಜಗಳ ಆಡ್ತಿದ್ದ. ಜಿಲ್ಲಾಸ್ಪತ್ರೆಯಲ್ಲಿ ಮಾತ್ರೆ ಕೊಟ್ರು, ಎರಡು ತಿಂಗಳಲ್ಲಿ ಪೂರ್ತಿ ಸರಿಹೋದ. ಆದ್ರೆ ದಪ್ಪ ಆಗ್ಬಿಟ್ಟ, ಹತ್ತು ಗಂಟೆವರೆಗೂ ಏಳಲ್ಲ, ಗೆಳೆಯರು ಆಡಿಕೊಳ್ತಾರೆ. ಹುಷಾರಾಗಿದ್ದಾನಲ್ಲ ಅಂತ ಅಪ್ಪ ಮಾತ್ರೆ ನಿಲ್ಲಿಸಿದ್ರು. ಮೂರು ವಾರ ಆಯ್ತು. ಈಗ ಮತ್ತೆ ರಾತ್ರಿ ಮಲಗ್ತಿಲ್ಲ.
(ಹಾವೇರಿಯಿಂದ ಒಬ್ಬ ಅಣ್ಣ)

ಉತ್ತರ: ಈ ವಾರವೇ ಕರೆದುಕೊಂಡು ಹೋಗಿ. ನಿದ್ದೆ ಕೆಡುವುದು ಬಹಳ ಸಲ ಕಾಯಿಲೆ ತಿರುಗಿ ಬರುವ ಮೊದಲ ಗುರುತು. ಮನೆಯಲ್ಲಿ ಉಳಿದಿರುವ ಮಾತ್ರೆಯನ್ನು ನೀವೇ ಮತ್ತೆ ಶುರು ಮಾಡಬೇಡಿ, ಎಷ್ಟರಿಂದ ಶುರು ಮಾಡಬೇಕು ಅಂತ ಡಾಕ್ಟರ್ ಹೇಳಲಿ.

ನಿಮ್ಮಪ್ಪನ ಮೇಲೆ ನನಗೆ ಕೋಪ ಇಲ್ಲ. ಜ್ವರದ ಮಾತ್ರೆ ಜ್ವರ ಬಿಟ್ಟ ಮೇಲೆ ನಿಲ್ಲಿಸುತ್ತೇವೆ, ಅದೇ ಲೆಕ್ಕ ಅವರದು. ಆದರೆ ಇದು ಆ ಥರದ ಕಾಯಿಲೆ ಅಲ್ಲ. ಮೊದಲ ಸಲ ಹೀಗೆ ಆದವರಿಗೂ ಸಾಮಾನ್ಯವಾಗಿ ಒಂದೆರಡು ವರ್ಷವಾದರೂ ಮಾತ್ರೆ ಬೇಕಾಗುತ್ತದೆ. ಆಮೇಲೆ ನಿಲ್ಲಿಸುವುದೂ ನಿಧಾನವಾಗಿ, ಡಾಕ್ಟರ್ ಕಣ್ಣಮುಂದೆ.

ಇನ್ನೊಂದು ಮಾತು. ನಿಮ್ಮ ತಮ್ಮನ ದೂರು ಸುಳ್ಳಲ್ಲ. ಕೆಲವು ಮಾತ್ರೆಗಳಿಂದ ತೂಕ ಏರುತ್ತದೆ, ಮಂಪರು ಹಿಡಿಯುತ್ತದೆ, ಕೆಲವರಿಗೆ ಕೈಕಾಲು ಬಿಗಿಯುತ್ತದೆ. "ಕಾಯಿಲೆ ಹೋಯ್ತಲ್ಲ, ಇಷ್ಟಾದರೂ ತಡ್ಕೋ" ಅಂತ 20ರ ಹುಡುಗನಿಗೆ ಹೇಳುವುದು ಅನ್ಯಾಯ. ನಾವು ಪ್ರತಿ ಸಲ ತೂಕ ನೋಡುವುದು, ಸೊಂಟ ಅಳೆಯುವುದು ಇದಕ್ಕೇ. ಮಾತ್ರೆ ಬದಲಿಸಬಹುದು, ಪ್ರಮಾಣ ಇಳಿಸಬಹುದು, ತೆಗೆದುಕೊಳ್ಳುವ ಹೊತ್ತು ಬದಲಿಸಬಹುದು. ಅವನ ಬಾಯಿಂದಲೇ ಹೇಳಿಸಿ. ಅವನಿಗೆ 18 ದಾಟಿದೆ, ಚಿಕಿತ್ಸೆ ಬಗ್ಗೆ ಮಾತಾಡುವ ಹಕ್ಕು ಮೊದಲು ಅವನದು.

ನನಗೆ ಮರೆಯಲಾಗದ ಒಬ್ಬ ಹುಡುಗ ಇದ್ದಾನೆ. ಚೆನ್ನಾಗಿ ಸುಧಾರಿಸಿದ, ಆಮೇಲೆ ಬರಲೇ ಇಲ್ಲ. ಕೊಟ್ಟಿದ್ದ ನಂಬರ್ ಸ್ವಿಚ್ ಆಫ್. ಮೂರು ತಿಂಗಳ ಮೇಲೆ ಆಶಾ ಜೊತೆ ಮನೆ ಹುಡುಕಿಕೊಂಡು ಹೋದಾಗ ಅವನು ಹಿತ್ತಲಲ್ಲಿ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ಅವರಮ್ಮ ಒಳಗಿಂದ ಪ್ಲಾಸ್ಟಿಕ್ ಕವರ್ ತಂದರು, ರೇಷನ್ ಕಾರ್ಡ್ ಜೊತೆ ನಮ್ಮ ಚೀಟಿಯನ್ನೂ ಮಡಚಿ ಜೋಪಾನ ಮಾಡಿದ್ದರು. "ಹುಷಾರಾಗಿದ್ದ ಅಂತ ಬಿಟ್ವಿ ಸಿಸ್ಟರ್" ಅಂದರು. ಅವತ್ತಿನಿಂದ ನಾನು ಪ್ರತಿ ಮನೆಯವರ ಹತ್ತಿರ ಎರಡು ನಂಬರ್ ಬರೆಸಿಕೊಳ್ಳುತ್ತೇನೆ, ಒಂದು ಮನೆಯದು, ಒಂದು ಪಕ್ಕದವರದೋ ನೆಂಟರದೋ. ಯಾರ ನಂಬರ್ ಕೊಟ್ಟರೆ ಪರವಾಗಿಲ್ಲ ಅಂತ ಹುಡುಗನನ್ನೇ ಕೇಳಿ ಬರೆಸುತ್ತೇನೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮೂರ ಒಬ್ಬ ಹುಡುಗಿ, ಹತ್ತನೇ ಕ್ಲಾಸು, "ನಾನು ಇರೋದೇ ಬೇಡ ಅನ್ಸುತ್ತೆ ಅಕ್ಕ, ಯಾರಿಗೂ ಹೇಳ್ಬೇಡಿ" ಅಂದ್ಲು. ಸಾಯೋ ಯೋಚನೆ ಇದೆಯಾ ಅಂತ ಕೇಳೋಕೆ ಭಯ. ಕೇಳಿದ್ರೆ ನಾನೇ ತಲೆಗೆ ಹಾಕಿದ ಹಾಗೆ ಆಗಲ್ವಾ?
(ಮೈಸೂರು ಜಿಲ್ಲೆ)

ಉತ್ತರ: ಆಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಕುದಿಯುತ್ತಿರುವ ಮಗುವಿಗೆ ಯಾರೋ ಒಬ್ಬರು ಬಾಯಿಬಿಟ್ಟು ಕೇಳಿದಾಗ ಎದೆ ಹಗುರ ಆಗುತ್ತದೆ. ಸುತ್ತಿ ಬಳಸಿ ಬೇಡ. "ಸಾಯಬೇಕು ಅಂತ ಅನಿಸುತ್ತಾ ಪುಟ್ಟಾ?" ಅಂತ ನೇರವಾಗಿ, ಮೆತ್ತಗೆ ಕೇಳಿ. ಹೌದು ಅಂದರೆ ಗಾಬರಿ ತೋರಿಸಬೇಡಿ, ಬುದ್ಧಿ ಹೇಳಬೇಡಿ, "ಅಪ್ಪ ಅಮ್ಮ ಎಷ್ಟು ಕಷ್ಟಪಡ್ತಾರೆ ಗೊತ್ತಾ" ಅಂತ ಶುರು ಮಾಡಬೇಡಿ. ಯಾವಾಗಿನಿಂದ, ಎಷ್ಟು ಸಲ ಹಾಗನಿಸಿದೆ, ಏನಾದರೂ ಮಾಡಿಕೊಳ್ಳಬೇಕು ಅಂತ ತೀರ್ಮಾನ ಮಾಡಿದ್ದಾಳಾ ಅಂತ ಕೇಳಿ. ತೀರ್ಮಾನ ಮಾಡಿದ್ದೇನೆ ಅಂದರೆ ಅವಳನ್ನು ಒಬ್ಬಳನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. "ನೀನು ಉಳೀಬೇಕು, ಅದಕ್ಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ, ನಿನ್ನ ಕೇಳಿಯೇ ಹೇಳ್ತೀನಿ" ಅನ್ನಿ. ಯಾರಿಗೆ ಹೇಳಬಹುದು ಅಂತ ಅವಳೇ ಆರಿಸಲಿ. ಅಜ್ಜಿ ಆಗಬಹುದು, ಸೋದರಮಾವ ಆಗಬಹುದು. ಮನೆಯೊಳಗಿನವರಿಂದಲೇ ತೊಂದರೆ ಇದೆ ಅಂತ ಗೊತ್ತಾದರೆ ಅವರಿಗೆ ಹೇಳಲು ಹೋಗಬೇಡಿ, ಮಕ್ಕಳ ಸಹಾಯವಾಣಿ 1098 ಇದೆ.

ಅವಳ ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದಾರೆ ಅಂತ ನೋಡಿ. ನಮ್ಮ ಹಳ್ಳಿಮನೆಗಳಲ್ಲಿ ಅಡುಗೆಮನೆ ಗೂಡಲ್ಲಿ, ಮಂಚದ ಕೆಳಗೆ ಇಟ್ಟಿರುತ್ತಾರೆ. ಅದು ಮನೆಯಿಂದ ಹೊರಗೆ ಹೋಗಲಿ, ಬೀಗದಲ್ಲಿರಲಿ, ಬೀಗದ ಕೈ ದೊಡ್ಡವರ ಹತ್ತಿರ ಇರಲಿ. ಇಂಥ ಯೋಚನೆ ಎಷ್ಟೋ ಸಲ ಅಲೆಯ ಹಾಗೆ ಏರಿ ಇಳಿಯುತ್ತದೆ. ಏರಿದ ಆ ಹೊತ್ತಿನಲ್ಲಿ ಕೈಗೆ ಏನೂ ಸಿಗಬಾರದು.

ಟೆಲಿ ಮಾನಸ್ ನಂಬರ್ 14416 ಅವಳ ನೋಟ್‌ಬುಕ್ಕಿನಲ್ಲಿ ಬರೆದುಕೊಡಿ. ಮನಸ್ಸಿನ ತೊಂದರೆಗೆ ಫೋನಿನಲ್ಲೇ ನೆರವು ಕೊಡುವ, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಇದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಸಲ ನಿಮ್ಮ ಫೋನಿನಿಂದ ನೀವೇ ಮಾಡಿ ಕೊಡಿ, ಪಕ್ಕದಲ್ಲಿ ಕೂರಿ. ಪೊಲೀಸ್ ಕೇಸ್ ಭಯ ಯಾರಿಗಾದರೂ ಇದ್ದರೆ ಹೇಳಿ: ಜೀವ ತೆಗೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ 2017ರ ಕಾಯ್ದೆ ನೋಡುತ್ತದೆ, ಆರೈಕೆ ಕೊಡಬೇಕು ಅನ್ನುತ್ತದೆ.

ಮೂರನೇ ದಿನ ಮತ್ತೆ ಅವಳ ಮನೆಗೆ ಹೋಗಿ. ಮಾತಿಗೆ ಏನೂ ಸಿಗದಿದ್ದರೂ ಹೋಗಿ. ಇಷ್ಟೆಲ್ಲ ಹೊತ್ತುಕೊಂಡ ಮೇಲೆ ನಿಮಗೂ ನಿದ್ದೆ ಬರುವುದಿಲ್ಲ, ನನಗೆ ಗೊತ್ತು. ನಿಮ್ಮ ಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಗೋ ಡಾಕ್ಟರಿಗೋ ಅವತ್ತೇ ಹೇಳಿ. ಇದನ್ನು ಒಬ್ಬರೇ ಹೊರಬಾರದು.

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು ನಾನು. ಪ್ರಾರ್ಥನೆ ಹೊತ್ತಲ್ಲಿ ಒಬ್ಬ ಹುಡುಗಿ ತಲೆ ಸುತ್ತಿ ಬಿದ್ದು ಕೈಕಾಲು ಆಡಿಸುತ್ತಾಳೆ. ಈಗ ಇನ್ನೂ ಇಬ್ಬರು ಶುರು ಮಾಡಿದ್ದಾರೆ. ನಾಟಕವಾ?
(ಕಲಬುರಗಿ)

ಉತ್ತರ: ನಾಟಕ ಅಂತ ಮಕ್ಕಳ ಮುಂದೆ ಅನ್ನಬೇಡಿ ಸಾರ್. ಮೊದಲ ಹುಡುಗಿಗೆ ಮೂರ್ಛೆರೋಗ ಇಲ್ಲ ಅಂತ ಡಾಕ್ಟರ್ ನೋಡಿ ಹೇಳಲಿ. ತಿಂಡಿ ತಿಂದು ಬರುತ್ತಾಳಾ ವಿಚಾರಿಸಿ. ಬಾಯಿಗೆ ನೀರು, ಕೈಗೆ ಕಬ್ಬಿಣ, ಎರಡೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತ ಸೇರಿದ ಮಕ್ಕಳನ್ನು ಕ್ಲಾಸಿಗೆ ಕಳಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108. ಮೂರ್ಛೆರೋಗ ಅಲ್ಲ ಅಂತಾದರೆ, ಬಾಯಲ್ಲಿ ಹೇಳಲಾಗದ ಒತ್ತಡವನ್ನು ಮೈ ಹೇಳುತ್ತಿರಬಹುದು. ಮೂವರನ್ನೂ ಬೇರೆ ಬೇರೆಯಾಗಿ ಮಾತಾಡಿಸಬೇಕು, ಅದಕ್ಕೆ ತಾಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತಲೇ ಇರುವ ಸ್ನೇಹ ಕ್ಲಿನಿಕ್‌ನ ಆಪ್ತ ಸಮಾಲೋಚಕರನ್ನು ಕೇಳಿ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಕೊನೆ ವರ್ಷದಲ್ಲಿದ್ದೇನೆ. ಸೈಕಿಯಾಟ್ರಿ ಪೋಸ್ಟಿಂಗ್ ತುಂಬಾ ಇಷ್ಟ ಆಯ್ತು. ಮನೆಯಲ್ಲಿ "ಹುಚ್ಚರ ಆಸ್ಪತ್ರೆ ಕೆಲಸ ಯಾಕೆ, ಐಸಿಯು ಕಲಿತು ಫಾರಿನ್‌ಗೆ ಹೋಗು" ಅಂತಾರೆ. ನಮ್ಮೂರ ಕಡೆಯೇ ಕೆಲಸ ಮಾಡೋ ಆಸೆ. ದಾರಿ ಇದೆಯಾ?
(ರಾಯಚೂರು)

ಉತ್ತರ: ಇದೆ ತಂಗಿ. ಒಂದು ವರ್ಷದ ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಇದೆ, ಎರಡು ವರ್ಷದ ಎಂಎಸ್ಸಿ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಈ ಎರಡೂ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ನರ್ಸ್ ಹುದ್ದೆ ಇರುತ್ತದೆ. ಬಹಳ ಕಡೆ ಗುತ್ತಿಗೆ ಕೆಲಸ, ಸಂಬಳ ಐಸಿಯುದವರಿಗಿಂತ ಕಮ್ಮಿ ಇರಬಹುದು. ಅದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸಲು ನನಗೆ ಮನಸ್ಸಿಲ್ಲ. ಇಷ್ಟು ಬೇಕಾದ ಕೆಲಸಕ್ಕೆ ಕಾಯಂ ಹುದ್ದೆ ಕೊಡದೇ ಇರುವುದು ತಪ್ಪು ಅಂತ ನಾನು ಎಲ್ಲ ಕಡೆ ಹೇಳುತ್ತಲೇ ಇರುತ್ತೇನೆ.

ಆದರೆ ಮನೆಯವರಿಗೆ ಇದನ್ನೂ ಹೇಳಿ. ಹಳ್ಳಿ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆ ನೋಡಬಹುದು ಅಂತ ದೇಶಕ್ಕೆ ತೋರಿಸಿದ್ದು ನಿಮ್ಮ ಪಕ್ಕದ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಅಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಕಾರ್ಯಕ್ರಮ ದೇಶದ ಬೇರೆ ಕಡೆಗೂ ಹೋಯಿತು.

ಈ ಕೆಲಸ ನಿಮಗೆ ಹಿಡಿಸುತ್ತದಾ ಅಂತ ತಿಳಿಯಬೇಕಾದರೆ ಪೋಸ್ಟಿಂಗ್ ಮುಗಿದ ಮೇಲೂ ಒಂದು ಮಂಗಳವಾರ ತಾಲೂಕು ಆಸ್ಪತ್ರೆಗೆ ಬನ್ನಿ. ಡಾಕ್ಟರ್ ರೂಮಿನಲ್ಲಿ ಅಲ್ಲ, ಹೊರಗೆ ಬೆಂಚಿನ ಹತ್ತಿರ ಇರಿ. ಕಳೆದ ಸಲ ಬಂದವರ ಪಟ್ಟಿ ಇಸ್ಕೊಂಡು ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಅಂತ ಗುರುತು ಹಾಕಿ. ಮಧ್ಯಾಹ್ನದ ಮೇಲೆ ನಮ್ಮ ಸಿಸ್ಟರ್ ಜೊತೆ ಕೂತು, ಬಾರದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ.